ಎರಡೂವರೆ ಇಂಚಿನ ಲೆಕ್ಕ

ಹೊರಗಿನವರಿಗೆ ಗಬ್ಬೂರ ಅಂದರೆ ಒಂದು ತಿರುವು. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಇಲ್ಲಿಗೆ ಬಂದು ಎರಡಾಗುತ್ತದೆ. ಒಂದು ದಾರಿ ಹುಬ್ಬಳ್ಳಿ ಊರೊಳಗೆ ಹೊಕ್ಕರೆ, ಇನ್ನೊಂದು ಬೈಪಾಸ್ ಆಗಿ ಸುಮಾರು 30 ಕಿಲೋಮೀಟರ್ ದೂರದ ನರೇಂದ್ರದವರೆಗೆ, ಅಂದರೆ ಧಾರವಾಡದ ಆಚೆಯ ಅಂಚಿನವರೆಗೆ ಸಾಗುತ್ತದೆ. ಹಗಲು ರಾತ್ರಿ ಲಾರಿ ಓಡುವ ಜಾಗ. ಲಾರಿ ಇದ್ದಲ್ಲಿ ಅದಕ್ಕೆ ಬೇಕಾದವರು ಇರಲೇಬೇಕು. ಕಮಾನ್ ಪಾಟಾ ಕಟ್ಟುವವರು, ಪಂಕ್ಚರ್ ತೆಗೆಯುವವರು, ವೆಲ್ಡಿಂಗ್‌ನವರು, ಚಹಾ ಮತ್ತು ಮಿರ್ಚಿ ಮಾರುವವರು ಇಲ್ಲಿ ಸಾಲಾಗಿದ್ದಾರೆ. ಆ ಸಾಲಿನಲ್ಲಿ ನನ್ನದೂ ಒಂದು ಸಣ್ಣ ಅಂಗಡಿ. ಗಾಡಿಯ ಗಾಲಿಗಳನ್ನು ನೆಟ್ಟಗೆ ನಿಲ್ಲಿಸುವುದು, ಅಂದರೆ ವ್ಹೀಲ್ ಅಲೈನ್‌ಮೆಂಟ್ ಮಾಡುವುದು ನನ್ನ ಉದ್ಯೋಗ. ಹದಿನೆಂಟು ವರ್ಷಗಳಿಂದ ಇದೇ ಹೊಟ್ಟೆಪಾಡು.

ಗಾಡಿ ಬಂದ ಕೂಡಲೇ ನಾನು ಮಶೀನ್ ಹಚ್ಚುವುದಿಲ್ಲ. ಮೊದಲು ಕುಕ್ಕುರುಗಾಲಿನಲ್ಲಿ ಕುಂತು ಟೈರಿನ ಮೇಲೆ ಅಂಗೈ ಆಡಿಸುತ್ತೇನೆ. ನಡುವೆ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು. ಒಂದೇ ಅಂಚು ನುಣ್ಣಗಾಗಿದ್ದರೆ ಗಾಲಿ ಒಂದು ಕಡೆ ವಾಲಿಕೊಂಡು ಓಡುತ್ತಿದೆ, ಅದಕ್ಕೆ ಕ್ಯಾಂಬರ್ ಎನ್ನುತ್ತಾರೆ. ಒಂದು ದಿಕ್ಕಿಗೆ ಕೈ ಎಳೆದರೆ ಮೆತ್ತಗೆ, ಎದುರು ದಿಕ್ಕಿಗೆ ಎಳೆದರೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ ಕೆಟ್ಟಿದೆ; ಗಾಲಿಗಳು ನೇರವಾಗಿ ಮುಂದೆ ನೋಡುತ್ತಿಲ್ಲ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕಪ್ ದಣಿದಿರುವ ಸಾಧ್ಯತೆ ಹೆಚ್ಚು. ಗಾಡಿ ಕಳೆದ ಆರು ತಿಂಗಳು ಏನು ಅನುಭವಿಸಿದೆ ಎಂಬುದು ಆ ರಬ್ಬರಿನ ಮೇಲೆ ಬರೆದಿರುತ್ತದೆ. ಗಾಡಿಯ ಮಾಲೀಕ ಹೇಳುವ ಕತೆ ಬೇರೆ ಇರಬಹುದು. ನಾನು ಎರಡನ್ನೂ ಕೇಳುತ್ತೇನೆ, ಟೈರಿನದನ್ನು ಮೊದಲು.

ಇತ್ತೀಚಿನ ವರ್ಷಗಳಲ್ಲಿ ನನ್ನ ಅಂಗಡಿಗೆ ಹೊಸ ನಮೂನೆಯ ಗಾಡಿಗಳು ಬರತೊಡಗಿವೆ. ಥಾರ್, ಬೊಲೆರೊ, ಸ್ಕಾರ್ಪಿಯೊಗಳ ಮೈಯನ್ನು ಎರಡು ಇಂಚು, ಮೂರು ಇಂಚು ಮೇಲಕ್ಕೆ ಏರಿಸಿ, ಕೆಳಗೆ ದೊಡ್ಡ ಟೈರು ಹಾಕಿಸಿರುತ್ತಾರೆ. ಹುಡುಗರು ಅದಕ್ಕೆ ಲಿಫ್ಟ್ ಎನ್ನುತ್ತಾರೆ. ಅಮೆರಿಕದ ಮರುಭೂಮಿ, ಆಸ್ಟ್ರೇಲಿಯಾದ ಕೆಮ್ಮಣ್ಣಿನ ದಾರಿಗಳಲ್ಲಿ ಓಡುವ ಗಾಡಿಗಳ ವಿಡಿಯೊಗಳನ್ನು ಅವರು ನೋಡಿರುತ್ತಾರೆ. ಅಲ್ಲಿ ಲಿಫ್ಟ್ ಮಾಡಿಸುವವರು ಹಲವರು ಆರ್ಮು, ಶಾಕಪ್, ಬ್ರೇಕ್ ಹೋಸ್, ಶಾಫ್ಟ್ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ ಬದಲಿಸುತ್ತಾರೆ. ನಮ್ಮಲ್ಲಿಗೆ ಬರುವಾಗ ಆ ಪಟ್ಟಿಯಲ್ಲಿ ಉಳಿದುಕೊಳ್ಳುವುದು ಸಾಮಾನ್ಯವಾಗಿ ಎರಡೇ: ಎತ್ತರ ಮತ್ತು ಟೈರು. ನೋಡಲು ಕಾಣುವವು ಅವೆರಡೇ.

ಅಂಥ ಗಾಡಿಗಳ ಪೈಕಿ ಒಂದು ನನ್ನ ಅಳಿಯನದು. ಅಕ್ಕನ ಮಗ. ಕುಂದಗೋಳದ ಕಡೆ ಅವರ ಹೊಲ. ಹತ್ತಿ, ಬ್ಯಾಡಗಿ ಮೆಣಸಿನಕಾಯಿ ಬೆಳೆಯುತ್ತಾರೆ. ಕಷ್ಟಪಟ್ಟು ದುಡಿಯುವ ಹುಡುಗ, ಕೆಟ್ಟ ಚಟ ಇಲ್ಲ. ಮೆಣಸಿನಕಾಯಿಗೆ ಒಳ್ಳೆ ಬೆಲೆ ಬಂದ ವರ್ಷ ಹಳೆಯ ಥಾರ್ ಒಂದನ್ನು ಕೈಬದಲಾಗಿ ಕೊಂಡ. 2020ರಲ್ಲಿ ಹೊಸ ಥಾರ್ ಬಂದಿತಲ್ಲ, ಅದಕ್ಕಿಂತ ಹಿಂದಿನದು. 2010ರಿಂದ ಹತ್ತು ವರ್ಷ ಬಂದ ಸಿಆರ್‌ಡಿಇ ಮಾದರಿ. ಒಂದು ಬೇಸಿಗೆಯಲ್ಲಿ ಬೇರೆ ಊರಿನ ಗ್ಯಾರೇಜಿನಲ್ಲಿ ಅದನ್ನು ಎರಡೂವರೆ ಇಂಚು ಏರಿಸಿಕೊಂಡು ಬಂದ. ನನಗೆ ಗೊತ್ತಾಗಿದ್ದು ಏಳು ತಿಂಗಳ ನಂತರ, ಸ್ಟೇರಿಂಗ್ ಎಡಕ್ಕೆ ಎಳೆಯುತ್ತದೆ ಎಂದು ಗಾಡಿಯನ್ನು ನನ್ನಲ್ಲಿಗೆ ತಂದಾಗ. ಮುಂದಿನ ಎರಡೂ ಟೈರುಗಳ ಹೊರ ಅಂಚು ತಲೆ ಬೋಳಿಸಿದಂತೆ ನುಣ್ಣಗಾಗಿತ್ತು. ಒಳ ಅಂಚಿನಲ್ಲಿ ಹೊಸ ಟೈರಿನ ಮುಳ್ಳು ಇನ್ನೂ ಹಾಗೇ ಇತ್ತು. ಟೈರು ಓಡಿದ್ದು ಬರೇ 11,000 ಕಿಲೋಮೀಟರ್.

ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿ ಕೆಳಗೆ ಹೋದೆ. ನೋಡಿದ್ದನ್ನು ವಿವರಿಸುವ ಮೊದಲು ಆ ಗಾಡಿಯ ಕಟ್ಟು ಹೇಗಿದೆ ಎಂದು ಹೇಳಬೇಕು.

ಹಳೆಯ ಥಾರಿನ ಹಿಂದಿನ ಭಾರ ಕಮಾನ್ ಪಾಟಾಗಳ ಮೇಲೆ ಕೂಡುತ್ತದೆ. ನಮ್ಮ ಟಾಂಗಾಗಳಿಗೆ ಇದ್ದದ್ದು, ಇವತ್ತಿಗೂ ಲಾರಿಗಳಿಗೆ ಇರುವುದು ಅದೇ. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟಿದ ಕಂತೆ. ಮುಂದೆ ಮಾತ್ರ ಟಾರ್ಷನ್ ಬಾರ್. ಇದು ಸ್ಪ್ರಿಂಗಿನಂತೆ ಸುರುಳಿ ಇಲ್ಲದ ಉದ್ದನೆಯ ಉಕ್ಕಿನ ಸರಳು. ಒಂದು ತುದಿ ಗಾಲಿಯನ್ನು ಹಿಡಿದಿರುವ ಆರ್ಮಿಗೆ, ಇನ್ನೊಂದು ತುದಿ ಚಾಸಿಗೆ. ಗಾಲಿ ಮೇಲೆ ಹೋದರೆ ಸರಳು ತಿರುಚಿಕೊಳ್ಳುತ್ತದೆ, ಬಿಟ್ಟರೆ ಬಿಚ್ಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡುವಾಗ ಕೈಗೆ ಬರುವ ಬಿಗಿ ನೆನೆಸಿಕೊಂಡರೆ ಸಾಕು. ಚಾಸಿಯ ತುದಿಯಲ್ಲಿ ಒಂದು ಬೋಲ್ಟ್ ಇರುತ್ತದೆ. ವರ್ಷಗಟ್ಟಲೆ ಓಡಿ ಮೂತಿ ಕುಸಿದ ಗಾಡಿಯನ್ನು ಮತ್ತೆ ಸರಿಯಾದ ಎತ್ತರಕ್ಕೆ ತರಲು ಆ ಬೋಲ್ಟ್ ಕೊಟ್ಟಿರುವುದು.

ಆ ಬೋಲ್ಟನ್ನೇ ಪಾನಾ ಹಾಕಿ ಮತ್ತಷ್ಟು ತಿರುವಿದರೆ ಗಾಡಿಯ ಮೂತಿ ಇನ್ನೂ ಮೇಲೇಳುತ್ತದೆ. ಹೊಸ ಸಾಮಾನು ಏನೂ ಬೇಡ. ಅರ್ಧ ತಾಸಿನ ಕೆಲಸ. ಬಾರ್ ಬಿಗಿಯಾಯಿತು, ಗಾಡಿ ಗಟ್ಟಿಯಾಯಿತು ಎಂದು ಎಲ್ಲರೂ ತಿಳಿಯುತ್ತಾರೆ. ನಿಜವಾಗಿ ಬಾರ್ ಹೊರುವ ಭಾರ ಮೊದಲಿನಷ್ಟೇ ಇರುವುದರಿಂದ ಅದರ ತಿರುಚು ಕೂಡ ಮೊದಲಿನಷ್ಟೇ ಇರುತ್ತದೆ. ಬದಲಾಗುವುದು ಆರ್ಮು ನಿಲ್ಲುವ ಜಾಗ. ಮೊದಲು ಹೆಚ್ಚುಕಡಿಮೆ ಅಡ್ಡಕ್ಕೆ ಚಾಚಿದ್ದ ಆರ್ಮು ಈಗ ಕೆಳಮುಖವಾಗಿ ಇಳಿಬಿದ್ದಿರುತ್ತದೆ. ಗಾಲಿಗೆ ಕೆಳಗೆ ಇಳಿಯಲು ಇದ್ದ ಅವಕಾಶದಲ್ಲಿ ಹೆಚ್ಚಿನ ಪಾಲು ನಿಂತಲ್ಲೇ ಖರ್ಚಾಗಿ ಹೋಗಿರುತ್ತದೆ. ಹೀಗಾಗಿ ಸ್ಪೀಡ್ ಬ್ರೇಕರ್ ಇಳಿಯುವಾಗ, ರಸ್ತೆಯ ಗುಂಡಿಗೆ ಗಾಲಿ ಬೀಳುವಾಗ ಆರ್ಮು ತನ್ನ ತುದಿಗೆ ಹೋಗಿ ‘ಟಕ್’ ಎಂದು ಬಡಿಯುತ್ತದೆ. ಅಳಿಯನ ಗಾಡಿಯಲ್ಲಿ ಆ ರಬ್ಬರ್ ತಡೆ ಬಡಿಸಿಕೊಂಡು ಬಡಿಸಿಕೊಂಡು ಅರ್ಧ ಕಿತ್ತುಹೋಗಿತ್ತು.

ಆರ್ಮು ಇಳಿಬಿದ್ದರೆ ಅದಕ್ಕೆ ಅಂಟಿದ್ದೆಲ್ಲ ತನ್ನ ಕೋನ ಬದಲಿಸುತ್ತದೆ. ಗಾಲಿಯ ನೆತ್ತಿ ಹೊರಕ್ಕೆ ವಾಲಿತ್ತು. ಸ್ಟೇರಿಂಗಿನ ರಾಡುಗಳೂ ಓರೆಯಾಗಿ, ಎರಡೂ ಗಾಲಿಗಳ ಮೂತಿ ಒಳಕ್ಕೆ ತಿರುಗಿತ್ತು. ಮಶೀನ್ ಹಚ್ಚಿದಾಗ ಟೋ 9 ಮಿಲಿಮೀಟರ್ ತೋರಿಸಿತು. ಗಿರಾಕಿಗಳಿಗೆ ಇದನ್ನು ಹೇಳಿದರೆ, ‘ಒಂಬತ್ತು ಮಿಲಿಮೀಟರ್ ಅಷ್ಟss ಏನ್ರಿ?’ ಎಂದು ನಗುತ್ತಾರೆ. ಆಗ ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದು ತೋರಿಸುತ್ತೇನೆ. ಎರಡೂ ಗಾಲಿ ಸೇರಿ 9 ಮಿಲಿಮೀಟರ್ ಅಂದರೆ ಒಂದೊಂದಕ್ಕೆ ನಾಲ್ಕೂವರೆ. ಮುಕ್ಕಾಲು ಮೀಟರಿನಷ್ಟು ಅಡ್ಡಳತೆಯ ಟೈರಿಗೆ ಇದನ್ನು ಹೊಂದಿಸಿದರೆ, ಗಾಡಿ ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಪ್ರತಿ ಟೈರು ಸುಮಾರು 6 ಮೀಟರಿನಷ್ಟು ಅಡ್ಡಡ್ಡ ಉಜ್ಜಿಕೊಳ್ಳುತ್ತದೆ. ಗಬ್ಬೂರಿನಿಂದ ನರೇಂದ್ರಕ್ಕೆ ಒಮ್ಮೆ ಹೋದರೆ 180 ಮೀಟರ್. ಡಾಂಬರಿನ ಮೇಲೆ ಟೈರನ್ನು ಅಷ್ಟು ದೂರ ಪಕ್ಕಕ್ಕೆ ಎಳೆದುಕೊಂಡು ಹೋದಂತೆ. ಲೆಕ್ಕ ಮುಗಿಯುವ ಹೊತ್ತಿಗೆ ಯಾರೂ ನಗುತ್ತಿರುವುದಿಲ್ಲ.

ಟೋ ಮತ್ತು ಕ್ಯಾಂಬರ್‌ಗಳನ್ನು ಒಂದು ಮಟ್ಟಿಗೆ ನಾನು ಸರಿಮಾಡಬಲ್ಲೆ. ಆದರೆ ಏರಿಸಿದ ಗಾಡಿಯಲ್ಲಿ ಅದು ನಿಂತ ಗಾಡಿಗೆ ಮಾತ್ರ ಸರಿ. ರಾಡುಗಳು ಓರೆಯಾಗಿಯೇ ಇರುವುದರಿಂದ, ಓಡುವಾಗ ಗಾಲಿ ಮೇಲೆ ಕೆಳಗೆ ಆದ ಹಾಗೆಲ್ಲ ಟೋ ತಾನಾಗಿ ಬದಲಾಗುತ್ತಾ ಹೋಗುತ್ತದೆ. ಸ್ಟೇರಿಂಗ್ ಹಿಡಿದವನು ಏನೂ ಮಾಡದಿದ್ದರೂ ಗುಂಡಿ ಬಂದಾಗ ಗಾಡಿ ತನ್ನಷ್ಟಕ್ಕೆ ತುಸು ಅತ್ತಿತ್ತ ಹೊರಳುತ್ತದೆ. ರ‍್ಯಾಂಪಿನ ಮೇಲೆ ಹಸಿರು ತೋರಿಸುವ ಅಂಕಿಗಳು ರಸ್ತೆಗೆ ಇಳಿದ ಮೇಲೆ ಹಸಿರಾಗಿ ಉಳಿಯುವುದಿಲ್ಲ.

ಇನ್ನು ಹಿಂದೆ. ಅಲ್ಲಿ ಒಂದು ಪಾಟಾ ಹೆಚ್ಚಿಗೆ ಸೇರಿಸಿದ್ದರು, ಪಾಟಾದ ತುದಿ ತೂಗುಬೀಳುವ ಶ್ಯಾಕಲನ್ನೂ ಉದ್ದದ್ದು ಹಾಕಿದ್ದರು. ಶ್ಯಾಕಲಿನ ಲೆಕ್ಕ ಒಂದು ಬಗೆಯ ಮೋಸ. ಅದನ್ನು ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಒಂದೇ ಇಂಚು, ಯಾಕೆಂದರೆ ಪಾಟಾದ ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ. ಆದರೆ ಒಂದು ತುದಿ ಮಾತ್ರ ಇಳಿದದ್ದರಿಂದ ಪಾಟಾ ಓರೆಯಾಗಿ, ಅದಕ್ಕೆ ಕಟ್ಟಿದ ಆ್ಯಕ್ಸಲ್ಲೂ ತುಸು ಹೊರಳಿ, ಅದರ ಮೂತಿ ಮೇಲಕ್ಕೆ ನೋಡುತ್ತದೆ. ಆ ಮೂತಿಗೆ ಎಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಕೂಡುತ್ತದೆ. ಶಾಫ್ಟಿನ ಎರಡೂ ತುದಿಗೆ ನಾವು ‘ಕ್ರಾಸ್’ ಎಂದು ಕರೆಯುವ ಯೂನಿವರ್ಸಲ್ ಜಾಯಿಂಟ್ ಇರುತ್ತದೆ.

ಈ ಕ್ರಾಸಿಗೆ ಒಂದು ಸ್ವಭಾವ ಇದೆ. ಬಾಗಿದ ಸ್ಥಿತಿಯಲ್ಲಿ ಅದು ತಿರುಗಿದರೆ ಆಚೆ ಕಡೆಯ ವೇಗ ಒಂದೇ ಸಮ ಇರುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. ಶಾಫ್ಟಿನ ಎರಡೂ ತುದಿಯ ಕ್ರಾಸುಗಳು ಒಂದೇ ಕೋನದಲ್ಲಿ ಬಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಗಾಡಿ ಮಾಡಿದವರು ಆ ಕೋನಗಳನ್ನು ಹೊಂದಿಸಿಯೇ ಕೊಟ್ಟಿರುತ್ತಾರೆ. ಒಂದು ತುದಿ ಮಾತ್ರ ಬದಲಾದರೆ ಆ ಒಪ್ಪಂದ ಮುರಿಯುತ್ತದೆ. ಅಳಿಯನ ಗಾಡಿ 70ರ ವೇಗ ದಾಟಿದ ಮೇಲೆ ಸೀಟಿನ ಕೆಳಗೆ ಗುಂಯ್‌ಗುಡುತ್ತಿತ್ತು. ಅವನು ಅದನ್ನು ದೊಡ್ಡ ಟೈರಿನ ಸದ್ದು ಎಂದುಕೊಂಡಿದ್ದ. ಕ್ರಾಸಿನ ಬೇರಿಂಗ್ ಪುಡಿಯಾಗಿ ತುಕ್ಕಿನ ಬಣ್ಣದ ಧೂಳು ಹೊರಗೆ ಬರುತ್ತಿತ್ತು.

ಸ್ಪ್ರಿಂಗಿನ ನಿಯಮ ಮತ್ತು ಈ ಕ್ರಾಸ್ ಎರಡರ ಹಿಂದೆಯೂ ಒಬ್ಬನೇ ಮನುಷ್ಯನ ಹೆಸರಿದೆ. 17ನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್. ಎಷ್ಟು ಬಲ ಹಾಕುತ್ತೀಯೋ ಅಷ್ಟಕ್ಕೆ ತಕ್ಕಂತೆ ಸ್ಪ್ರಿಂಗ್ ಎಳೆದುಕೊಳ್ಳುತ್ತದೆ ಎಂದು ಹೇಳಿದವನು ಅವನು; ಇಂಥ ಜಾಯಿಂಟನ್ನು ವಿವರಿಸಿದವನೂ ಅವನೇ. ಹೈಸ್ಕೂಲಿನಲ್ಲಿ ಹುಕ್‌ನ ನಿಯಮ ಬಾಯಿಪಾಠ ಮಾಡಿದ್ದ ನನಗೆ, ಅವನು ಗಬ್ಬೂರ ಬೈಪಾಸಿನಲ್ಲಿ ಮಣ್ಣು ಮೆತ್ತಿದ ಥಾರಿನ ಕೆಳಗೆ ಮತ್ತೆ ಸಿಗುತ್ತಾನೆ ಎಂದು ಯಾರಾದರೂ ಹೇಳಿದ್ದರೆ ಇನ್ನಷ್ಟು ಗಮನ ಕೊಟ್ಟು ಕೇಳುತ್ತಿದ್ದೆ.

ಅಳಿಯ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಬೈಯುವುದು ನನ್ನ ಇರಾದೆ ಆಗಿರಲಿಲ್ಲ. ಯಾಕೆ ಏರಿಸಿದಿ ಎಂದಷ್ಟೇ ಕೇಳಿದೆ.

“ಹೊಲದ ದಾರಿ ನಿಮಗ ಗೊತ್ತೈತಲ್ರಿ ಮಾಮಾ. ಮಳಿಗಾಲದಾಗ ಎರಿ ಮಣ್ಣಿನ್ಯಾಗ ಗಾಲಿ ಇಳಿದ್ರ ಗಾಡಿ ಹೊಟ್ಟಿ ನೆಲಕ್ಕ ಕುಂದರತೈತಿ. ಟ್ರ್ಯಾಕ್ಟರ್ ಹಚ್ಚಿ ಎಳಸೂದಾಗಿತ್ತು.”

“ಯಾವ ಜಾಗಾ ತಾಗತಿತ್ತು?”

“ಹಿಂದಿಂದು. ಆ್ಯಕ್ಸಲ್ ನಡುವಿನ ಗುಂಡು.”

“ಹಂಗಾರ ಬಾ, ಟೇಪ್ ಹಿಡಿ.”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಎರೆ ಭೂಮಿಯ ದಾರಿ ಬಲ್ಲವರಿಗೆ ಗೊತ್ತು, ಎರಡು ಮಳೆ ಬಿದ್ದರೆ ಸಾಕು, ಆ ಮಣ್ಣು ಗಾಲಿಗೆ ಮೆತ್ತಿಕೊಂಡು ಗಾಲಿಯನ್ನೇ ಉಂಡೆ ಮಾಡಿಬಿಡುತ್ತದೆ. ಚಕ್ಕಡಿಗಳು ಮಾಡಿದ ಆಳದ ಜಾಡಿನಲ್ಲಿ ನಡುವಿನ ದಿಬ್ಬ ಗಾಡಿಯ ಹೊಟ್ಟೆಗೆ ತಾಗುತ್ತದೆ. ಆದರೆ ತಾಗುತ್ತಿದ್ದದ್ದು ಹಿಂದಿನ ಆ್ಯಕ್ಸಲ್ಲಿನ ಡಿಫರೆನ್ಶಿಯಲ್ ಗುಂಡು. ಈ ಗಾಡಿಯಲ್ಲಿ ಆ ಆ್ಯಕ್ಸಲ್ ಒಂದೇ ಗಟ್ಟಿ ತೊಲೆ. ಅದು ಕೂಡುವುದು ಗಾಲಿಗಳ ಮೇಲೆ. ಪಾಟಾ ಎತ್ತರಿಸಿದರೆ ಏಳುವುದು ಪಾಟಾದ ಮೇಲಿರುವ ಚಾಸಿ ಮತ್ತು ಬಾಡಿ. ಆ್ಯಕ್ಸಲ್ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ಟೈರು ಒಂದೇ. ಮೊದಲಿದ್ದ ಟೈರು 235/70 ಆರ್ 16, ಈಗಿನದು 245/75 ಆರ್ 16. ಅಡ್ಡಳತೆಯಲ್ಲಿ ಹೆಚ್ಚಾದದ್ದು ಸುಮಾರು 38 ಮಿಲಿಮೀಟರ್, ನೆಲದಿಂದ ಆ್ಯಕ್ಸಲ್ ಎದ್ದದ್ದು ಅದರ ಅರ್ಧ. 19 ಮಿಲಿಮೀಟರ್. ಮುಕ್ಕಾಲು ಇಂಚು.

ಟೇಪಿನ ತುದಿ ಹಿಡಿದು ಅವನು ಸುಮಾರು ಹೊತ್ತು ಅಲ್ಲೇ ಕುಂತಿದ್ದ. ಹೊಲದ ದಿಬ್ಬಕ್ಕೆ ಬೇಕಾಗಿದ್ದ ಎತ್ತರ ಟೈರಿನಿಂದಲೇ ಬಂದಿತ್ತು. ಉಳಿದ ಎರಡೂವರೆ ಇಂಚು ಆ ದಿಬ್ಬಕ್ಕೆ ಸಂಬಂಧವೇ ಇಲ್ಲದ ಎತ್ತರ.

ದೊಡ್ಡ ಟೈರೂ ಪುಕ್ಕಟೆ ಬರುವುದಿಲ್ಲ ಅನ್ನಿ. ಟೈರು ಶೇಕಡಾ 5ರಷ್ಟು ದೊಡ್ಡದಾದರೆ ಮೀಟರ್ 80 ತೋರಿಸುವಾಗ ಗಾಡಿ 84ರಲ್ಲಿ ಓಡುತ್ತಿರುತ್ತದೆ. ಗಾಲಿಯ ತೂಕ ಹೆಚ್ಚಾಗಿ ಬೇರಿಂಗ್, ಬಾಲ್ ಜಾಯಿಂಟ್, ಬ್ರೇಕ್ ಎಲ್ಲವೂ ಹೆಚ್ಚು ದುಡಿಯಬೇಕು. ಆದರೂ ಅದು ಕೊಡುವ ಮುಕ್ಕಾಲು ಇಂಚು ನಿಜವಾದ ಮುಕ್ಕಾಲು ಇಂಚು.

ಗಾಡಿಯ ವಿಷಯ ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆವತ್ತು ರ‍್ಯಾಂಪಿನ ಕೆಳಗೆ ನಿಂತಾಗಲೇ ನನಗೆ ಬೇರೆ ಒಂದು ಸಂಗತಿ ಹೊಳೆಯಿತು.

ಅಕ್ಕನಿಗೆ ಮೊಣಕಾಲು ನೋವು ಬಂದು ಆರೇಳು ವರ್ಷ. ಹುಬ್ಬಳ್ಳಿಯ ಕಿಮ್ಸ್‌ಗೆ ತೋರಿಸಲು ಬಂದಾಗಲೆಲ್ಲ ನಮ್ಮ ಮನೆಗೆ ಬಂದು ಒಂದು ರಾತ್ರಿ ಇದ್ದು ಹೋಗುವ ರೂಢಿ. ಆ ವರ್ಷ ದೀಪಾವಳಿಯಿಂದ ಬಂದಿರಲಿಲ್ಲ. ಫೋನ್ ಮಾಡಿದರೆ, “ಈಗೇನು ತಿರುಗೂದೋ ತಮ್ಮಾ, ಮನ್ಯಾಗ ಛಲೋ ಐತಿ” ಎನ್ನುತ್ತಿದ್ದಳು. ನನ್ನ ಹೆಂಡತಿಯ ತವರಿನ ಒಂದು ಮದುವೆಗೂ ಬರಲಿಲ್ಲ, ಹೊಲದ ಕೆಲಸ ಎಂದಳು. ಮುಪ್ಪು ಹಿಡಿಯಿತು ಎಂದು ನಾವೂ ಸುಮ್ಮನಿದ್ದೆವು.

ಗಾಡಿ ನೋಡಿದ ಮರುದಿನ ನಾನು ಊರಿಗೆ ಹೋದೆ. ಪಡಸಾಲೆಯ ಬಾಗಿಲ ಹಿಂದೆ ಊಟಕ್ಕೆ ಕೂಡುವ ಮಣೆಯೊಂದನ್ನು ನಿಲ್ಲಿಸಿಟ್ಟಿದ್ದರು. ಎರಡೂ ಬದಿಗೆ ಮಣ್ಣು ಮೆತ್ತಿತ್ತು. ಊಟದ ಮಣೆಗೆ ಯಾಕೆ ಮಣ್ಣು ಎಂದು ಕೇಳಿದರೆ ಮೊದಲು ಹೇಳಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. ಗಾಡಿ ಹತ್ತಲು ಅದರ ಮೇಲೆ ಕಾಲಿಡಬೇಕಿತ್ತು. ಹೊರಡುವಾಗ ಅದನ್ನು ಗಾಡಿಯಲ್ಲೇ ಹಾಕಿಕೊಂಡು ಹೋಗಬೇಕು, ಇಳಿಯುವಲ್ಲಿ ಎಲ್ಲರೆದುರು ತೆಗೆದು ನೆಲಕ್ಕೆ ಇಡಬೇಕು. ಒಂದು ಸಲ ಕಿಮ್ಸ್‌ನ ಬಾಗಿಲಲ್ಲಿ ಮಣೆ ಓರೆಯಾಗಿ ಕಾಲು ಜಾರಿತು. ಯಾರೋ ಗುರುತಿಲ್ಲದ ಹುಡುಗ ರಟ್ಟೆ ಹಿಡಿದು ಎತ್ತಿ ಕೂರಿಸಿದ.

“ಮಗಾ ಆಸೆಪಟ್ಟು ಮಾಡಿಸ್ಯಾನ. ಇಳಸು ಅಂತ ಹೆಂಗ ಹೇಳ್ಲಿ? ನನಗ ಹೊರಗ ಹೋಗೂದು ಬ್ಯಾಡಾಗೇತಿ ಅಂದ್ರ ಮುಗೀತು.”

ಎರಡು ಸಲ ಡಾಕ್ಟರ ದಿನ ತಪ್ಪಿಸಿದ್ದಳು. ನೋವಿನ ಗುಳಿಗೆಯನ್ನು ಊರಿನ ಅಂಗಡಿಯಿಂದಲೇ ತರಿಸಿ ನುಂಗುತ್ತಿದ್ದಳು. ಗಾಡಿಯ ಎರಡೂವರೆ ಇಂಚು, ಟೈರಿನ ಮುಕ್ಕಾಲು ಇಂಚು. ಕೂಡಿದರೆ ಮೂರೂಕಾಲು ಇಂಚು, ಎಂಟು ಸೆಂಟಿಮೀಟರಿಗಿಂತ ಹೆಚ್ಚು. ಮೂವತ್ತರ ಒಳಗಿನವರ ಕಾಲಿಗೆ ಅದು ಗೊತ್ತೇ ಆಗುವುದಿಲ್ಲ. ಅರವತ್ತಾರು ವರ್ಷದ, ಸವೆದ ಮೊಣಕಾಲಿಗೆ ಅದು ಹತ್ತಬಹುದಾದ ಮತ್ತು ಹತ್ತಲಾಗದ ಗಾಡಿಯ ನಡುವಿನ ವ್ಯತ್ಯಾಸ.

ಇನ್ನೊಂದು ಮಾತನ್ನು ನಾನು ಅಕ್ಕನಿಗೆ ಹೇಳಲಿಲ್ಲ, ಅಳಿಯನಿಗೆ ಮಾತ್ರ ಹೇಳಿದೆ. ಎಡಗಡೆಯ ಬಾಲ್ ಜಾಯಿಂಟ್ ಮುಗಿದಿತ್ತು. ಆರ್ಮನ್ನೂ ಗಾಲಿಯನ್ನೂ ಸೇರಿಸುವ ಕೀಲು ಅದು. ಒಂದು ಬಟ್ಟಲಿನಲ್ಲಿ ಗುಂಡು ತಿರುಗುವ ಹಾಗೆ ಮಾಡಿರುತ್ತಾರೆ, ನಮ್ಮ ಹೆಗಲಿನ ಕೀಲಿನಂತೆ. ಅದಕ್ಕೆ ತಿರುಗಲು ಒಂದು ಮಿತಿ ಇರುತ್ತದೆ. ಆರ್ಮು ಸದಾ ಇಳಿಬಿದ್ದಿದ್ದರೆ ಆ ಕೀಲು ಸದಾ ಮಿತಿಯ ಹತ್ತಿರವೇ ನಿಂತಿರುತ್ತದೆ, ಪ್ರತಿ ಗುಂಡಿಗೂ ಅಂಚಿಗೆ ಹೋಗಿ ಒತ್ತಿಕೊಳ್ಳುತ್ತದೆ. ಗಾಲಿಯನ್ನು ನೆಲದಿಂದ ಎತ್ತಿ ಮೇಲೂ ಕೆಳಗೂ ಕೈ ಹಿಡಿದು ಅಲುಗಾಡಿಸಿದರೆ ಕಟಕಟ ಎನ್ನುತ್ತಿತ್ತು. ಪಕ್ಕದಲ್ಲಿ ಶಾಫ್ಟಿನ ರಬ್ಬರ್ ಬೂಟ್ ಹರಿದು, ಗ್ರೀಸ್ ರಿಮ್ಮಿನ ಒಳಮೈಗೆಲ್ಲ ಸಿಡಿದಿತ್ತು. ಆ ಬಾಲ್ ಜಾಯಿಂಟ್ ಓಡುವಾಗ ಕಳಚಿಕೊಂಡರೆ ಗಾಲಿ ಮಡಚಿ ಬೀಳುತ್ತದೆ. ಆಮೇಲೆ ಸ್ಟೇರಿಂಗ್ ಯಾರ ಕೈಯಲ್ಲಿದೆ ಎಂಬುದು ಮುಖ್ಯವಾಗುವುದಿಲ್ಲ.

ನಮ್ಮ ಬೈಪಾಸ್ ಇಂಥದ್ದನ್ನು ಕ್ಷಮಿಸುವ ರಸ್ತೆಯೂ ಅಲ್ಲ. ಬಹಳ ವರ್ಷ ಎದುರುಬದುರಿನ ಗಾಡಿಗಳಿಗೆ ನಡುವೆ ತಡೆಯೇ ಇಲ್ಲದ ಎರಡು ಪಥದ ದಾರಿ ಅದು. 2021ರ ಜನವರಿ 15ರ ಬೆಳಗ್ಗೆ ಇಟಿಗಟ್ಟಿಯ ಹತ್ತಿರ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಟೆಂಪೊ ಮತ್ತು ಟಿಪ್ಪರ್ ನಡುವೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡದ್ದು ಈ ಭಾಗದವರು ಯಾರೂ ಮರೆತಿಲ್ಲ. ಆ ಅಪಘಾತಕ್ಕೂ ಏರಿಸಿದ ಗಾಡಿಗೂ ಏನೂ ಸಂಬಂಧವಿಲ್ಲ. ನಾನು ಹೇಳುವುದು ಇಷ್ಟು: ಎದುರಿನವನು ತಪ್ಪು ಮಾಡಿದಾಗ ಸರಕ್ಕನೆ ಹೊರಳಿ, ಗಕ್ಕನೆ ನಿಲ್ಲಬಲ್ಲ ಗಾಡಿ ಬೇಕಾಗುವ ರಸ್ತೆ ಇದು.

ಎತ್ತರದ ಗಾಡಿ ಆ ಎರಡನ್ನೂ ಕಡಿಮೆ ಮಾಡುತ್ತದೆ. ಗಾಡಿ ಪಲ್ಟಿಯಾಗುವ ಭಯವನ್ನು ಅಳೆಯಲು ಒಂದು ಸರಳ ಲೆಕ್ಕ ಇದೆ. ಎಡ ಬಲ ಗಾಲಿಗಳ ನಡುವಿನ ಅಂತರವನ್ನು, ಭಾರದ ಕೇಂದ್ರ ನೆಲದಿಂದ ಇರುವ ಎತ್ತರದ ಎರಡು ಪಟ್ಟಿನಿಂದ ಭಾಗಿಸಬೇಕು. ಉತ್ತರ ದೊಡ್ಡದಿದ್ದಷ್ಟೂ ಕ್ಷೇಮ. ತಿಳಿಯಲೆಂದು ಹೇಳುತ್ತೇನೆ, ಅಂತರ 150 ಸೆಂಟಿಮೀಟರ್, ಎತ್ತರ 70 ಎಂದಿಟ್ಟುಕೊಂಡರೆ ಉತ್ತರ 1.07. ಎತ್ತರ 5 ಸೆಂಟಿಮೀಟರ್ ಹೆಚ್ಚಿ 75 ಆದರೆ ಉತ್ತರ 1.00ಕ್ಕೆ ಇಳಿಯುತ್ತದೆ. ಬ್ರೇಕಿನದು ಇನ್ನೊಂದು ಕತೆ. ಕೆಲವು ಗಾಡಿಗಳಲ್ಲಿ ಹಿಂದೆ ಎಷ್ಟು ಭಾರ ಇದೆ ಎಂದು ಚಾಸಿ ಮತ್ತು ಆ್ಯಕ್ಸಲ್ ನಡುವಿನ ಅಂತರ ನೋಡಿ ತಿಳಿಯುವ ವಾಲ್ವ್ ಇರುತ್ತದೆ. ಅಂತರ ಹೆಚ್ಚಾದರೆ ಗಾಡಿ ಖಾಲಿ ಇದೆ ಎಂದು ಅದು ತಿಳಿದು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡುತ್ತದೆ. ಏರಿಸಿದ ಗಾಡಿಯಲ್ಲಿ ಐದು ಜನ ಕೂತರೂ, ಆ ವಾಲ್ವನ್ನು ಹೊಂದಿಸದಿದ್ದರೆ, ಅದು ಭಾರವನ್ನು ಕಡಿಮೆಯೆಂದೇ ತಿಳಿಯುತ್ತದೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ ಸೇರಿತು. ಗಿರಾಕಿಗಳಿಗೆ ಇದನ್ನು ಹೇಳಿದರೆ ‘ಯಾರು ಹಿಡೀತಾರ ಬಿಡ್ರಿ’ ಎನ್ನುತ್ತಾರೆ. ದಂಡದ ಭಯ ದೊಡ್ಡದಲ್ಲ ನಿಜ. ಅಪಘಾತ ಆದ ಮೇಲೆ ವಿಮೆಯವರು ಗಾಡಿಯ ಕೆಳಗೆ ಬಗ್ಗಿ ನೋಡುವ ದಿನ ದೊಡ್ಡದು.

ಅಳಿಯನಿಗೆ ನಾನು ಕಾನೂನು ಹೇಳಲಿಲ್ಲ. ಬಾಲ್ ಜಾಯಿಂಟನ್ನು ಬಿಚ್ಚಿ ಅವನ ಕೈಗೆ ಕೊಟ್ಟೆ, ಮಣೆಯ ಸಂಗತಿ ಹೇಳಿದೆ. ಅವನು ಗುಂಡನ್ನು ಬಟ್ಟಲಿನಲ್ಲಿ ಅಲ್ಲಾಡಿಸುತ್ತಾ, “ಅವ್ವ ನನಗ ಒಂದ್ ಮಾತು ಹೇಳಿಲ್ರಿ ಮಾಮಾ,” ಎಂದ. ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ, “ಟೈರು ಇರ್ಲಿ, ಉಳಿದದ್ದು ಇಳಿಸಿಬಿಡ್ರಿ,” ಎಂದ.

ಎರಡು ದಿನದ ಕೆಲಸ ಆಯಿತು. ಹೆಚ್ಚಿಗೆ ಹಾಕಿದ್ದ ಪಾಟಾ ಮತ್ತು ಉದ್ದನೆಯ ಶ್ಯಾಕಲ್ ತೆಗೆದೆವು. ಟಾರ್ಷನ್ ಬಾರಿನ ಬೋಲ್ಟನ್ನು ಮೊದಲಿನ ಎತ್ತರಕ್ಕೆ ಇಳಿಸಿದೆವು. ಎರಡು ಬಾಲ್ ಜಾಯಿಂಟ್, ಶಾಫ್ಟಿನ ಬೂಟ್, ಕ್ರಾಸ್, ತಡೆಯ ರಬ್ಬರುಗಳು, ಮುಂದಿನ ಎರಡು ಟೈರು ಹೊಸವು ಬಂದವು. ಬಿಲ್ಲು ಕೂಡಿದಾಗ, ಏರಿಸಲು ಕೊಟ್ಟದ್ದಕ್ಕಿಂತ ಇಳಿಸಲು ಕೊಟ್ಟದ್ದೇ ಹೆಚ್ಚಾಯಿತು. ಆಮೇಲೆ ಬಾಗಿಲ ಕೆಳಗೆ ಒಂದು ಗಟ್ಟಿ ಮೆಟ್ಟಿಲನ್ನೂ ಅವನೇ ಹೇಳಿ ಹಾಕಿಸಿದ. ಗೆಳೆಯರು ಚೇಷ್ಟೆ ಮಾಡಿದರಂತೆ. ಎರಡು ತಿಂಗಳು ಅವನು ನನ್ನೊಡನೆಯೂ ಸ್ವಲ್ಪ ಬಿಗಿಯಾಗಿಯೇ ಇದ್ದ. ಆ ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಗಾಡಿ ಒಂದೇ ಸಲ ಸಿಕ್ಕಿಬಿತ್ತು ಎಂದು ಕೇಳಿದೆ. ಏರಿಸಿದ್ದ ವರ್ಷವೂ ಒಂದು ಸಲ ಸಿಕ್ಕಿಬಿದ್ದಿತ್ತು. ಸಂಕ್ರಾಂತಿಗೆ ಅಕ್ಕ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದಳು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಬಾಗಿಲ ಹಿಡಿ ಹಿಡಿದು, ಯಾರ ಕೈಯನ್ನೂ ಕೇಳದೆ ಇಳಿದಳು.

ಸವೆತ ತಾನಾಗಿ ಕೆಟ್ಟದ್ದಲ್ಲ. ಟೈರು ಸವೆಯಲೇಬೇಕು, ಸವೆಯದಿದ್ದರೆ ಅದು ರಸ್ತೆಯನ್ನು ಹಿಡಿದೇ ಇಲ್ಲ ಎಂದರ್ಥ. ಬುಶ್ಶು, ಬೇರಿಂಗ್, ಕ್ರಾಸು ಎಲ್ಲ ಸವೆದು ಬದಲಾಗಲೆಂದೇ ಮಾಡಿದ ಸಾಮಾನು. ನಾನು ನೋಡುವುದು ಸವೆತ ಎಲ್ಲರಿಗೂ ಹಂಚಿಹೋಗಿದೆಯೋ, ಒಂದೇ ಅಂಚಿನ ಮೇಲೆ ಬಿದ್ದಿದೆಯೋ ಎಂಬುದನ್ನು. ಎತ್ತರದ ಸಂತೋಷ ಸ್ಟೇರಿಂಗ್ ಹಿಡಿದವನಿಗೆ ಬಂದಿತ್ತು. ಅದರ ತೂಕ ಬಿದ್ದದ್ದು ಟೈರಿನ ಹೊರ ಅಂಚಿಗೆ, ಎಡಗಡೆಯ ಕೀಲಿಗೆ, ಹಿಂದಿನ ಸೀಟಿಗೆ ಹತ್ತಬೇಕಾದವಳಿಗೆ. ಅವರು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆ ಗಾಡಿಯಿಂದ ತೆಗೆದ ಒಂದು ಟೈರನ್ನು ನಾನು ಅಂಗಡಿಯಲ್ಲೇ ಇಟ್ಟುಕೊಂಡಿದ್ದೇನೆ. ಹುಡುಗರು ಬಂದು, “ಅಣ್ಣಾರ, ಎಷ್ಟು ಇಂಚು ಏರಿಸಬಹುದ್ರಿ?” ಎಂದು ಕೇಳಿದಾಗ ಅದನ್ನು ಎಳೆದು ಮುಂದಿಟ್ಟು ಅಂಗೈ ಆಡಿಸಲು ಹೇಳುತ್ತೇನೆ. ಗಾಡಿಯ ಯಾವ ಜಾಗ ಯಾವುದಕ್ಕೆ ತಾಗುತ್ತದೆ ಎಂದು ಕೇಳುತ್ತೇನೆ. ಹಲವರ ಗಾಡಿ ಯಾವುದಕ್ಕೂ ತಾಗುತ್ತಿರುವುದಿಲ್ಲ. ಆಮೇಲೆ ಮನೆಯಲ್ಲಿ ಯಾರು ಯಾರು ಆ ಗಾಡಿ ಹತ್ತುತ್ತಾರೆ ಎಂದು ಕೇಳುತ್ತೇನೆ. ಕೆಲವರು ತುಸು ಹೊತ್ತು ನಿಂತು, ಅಜ್ಜಿಯನ್ನೋ ತಂದೆಯನ್ನೋ ನೆನೆಸಿಕೊಂಡು, ಬರೇ ಅಲೈನ್‌ಮೆಂಟ್ ಮಾಡಿಸಿಕೊಂಡು ಹೋಗುತ್ತಾರೆ. ಇನ್ನು ಕೆಲವರು ತಿಂಗಳು ಬಿಟ್ಟು ಬರುತ್ತಾರೆ, ಬೇರೆಲ್ಲೋ ಏರಿಸಿಕೊಂಡೇ. ಅಂಥವರನ್ನು ನಾನು ವಾಪಸು ಕಳಿಸುವುದಿಲ್ಲ. ಗಾಲಿಯನ್ನು ಜಾಕಿನ ಮೇಲೆ ಎತ್ತಿ ಮೊದಲು ಬಾಲ್ ಜಾಯಿಂಟ್ ನೋಡುತ್ತೇನೆ.